ವರ್ಟ್‌ಗೆ ಆಕ್ಸಿಜನ್ ಎಷ್ಟು ಹೋಗ್ತಾ ಉಂಟು? ಅಳೆಯುವ ಮೀಟರ್ ಆರಿಸುವ ಬಗ್ಗೆ

ವರ್ಟ್ ಅಂದರೆ ಬಿಯರ್ ಆಗುವ ಮೊದಲಿನ ಮಾಲ್ಟಿನ ಸಿಹಿ ರಸ. ಅದಕ್ಕೆ ಆಕ್ಸಿಜನ್ ಎಷ್ಟು ಹೋಯಿತು ಅಂತ ಗುಳ್ಳೆ ನೋಡಿ ಹೇಳಲು ಆಗುವುದಿಲ್ಲ. ಮೊದಲ ಎರಡು ವರ್ಷ ನಾನು ಹಾಗೇ ಮಾಡುತ್ತಿದ್ದೆ. ಸಿಲಿಂಡರಿನ ವಾಲ್ವ್ ಸ್ವಲ್ಪ ತಿರುಗಿಸುವುದು, ವರ್ಟ್ ಮೇಲೆ ನೊರೆ ಏಳುವುದನ್ನು ನೋಡುವುದು, ಅರವತ್ತು ಎಣಿಸಿ ಮುಚ್ಚುವುದು. ಒಂದು ಬ್ಯಾಚ್ ಬೆಳಗಾಗುವಾಗ ಭರ್ಜರಿಯಾಗಿ ಏಳುತ್ತಿತ್ತು. ಅದೇ ಮಾಲ್ಟ್, ಅದೇ ಈಸ್ಟ್ ಹಾಕಿದ ಇನ್ನೊಂದು ಬ್ಯಾಚ್ ಎರಡು ದಿನ ಸುಮ್ನೆ ಕೂತಿರುತ್ತಿತ್ತು. ಮಾಲ್ಟ್ ಬದಲಿಸಿ ನೋಡಿದೆ, ಈಸ್ಟ್ ಬದಲಿಸಿ ನೋಡಿದೆ, ನೀರನ್ನೂ ದೂರಿದೆ. ಅಳೆಯದೆ ಬಿಟ್ಟದ್ದು ಆಕ್ಸಿಜನ್ ಒಂದನ್ನೇ.

ಮಂಗಳೂರಿನ ಒಂದು ಪುಟ್ಟ ಬ್ರೂವರಿಯಲ್ಲಿ ನನ್ನ ಕೆಲಸ. ಹೊಸ ರೆಸಿಪಿಯನ್ನು ದೊಡ್ಡ ಟ್ಯಾಂಕಿಗೆ ಹಾಕುವ ಮೊದಲು 20 ಲೀಟರಿನ ಪಾತ್ರೆಯಲ್ಲಿ ಮಾಡಿ ನೋಡುತ್ತೇವೆ. ಅಂದರೆ ಹೋಮ್‌ಬ್ರೂ, ಮನೆಯಲ್ಲೇ ಬಿಯರ್ ಮಾಡುವವರ ಅಳತೆಯೇ. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಹಾಗಾಗಿ ಇದನ್ನು ಬರೆಯುತ್ತಿರುವುದು ನಮ್ಮಂತೆ ಬ್ರೂವರಿಯಲ್ಲಿ ಟ್ರಯಲ್ ಬ್ಯಾಚ್ ಮಾಡುವವರಿಗೆ, ಮತ್ತೆ ಮನೆಯಲ್ಲೇ ಮಾಡಲು ಕಾನೂನಿನ ಅಡ್ಡಿ ಇಲ್ಲದ ದೇಶಗಳಲ್ಲಿರುವ ನಮ್ಮ ಊರಿನವರಿಗೆ. ನನ್ನ ಅಕ್ಕನ ಮಗ ಮೆಲ್ಬರ್ನ್‌ನಲ್ಲಿದ್ದಾನೆ. "ಮಾಮಾ, ಆಕ್ಸಿಜನ್‌ಗೆ ಯಾವ ಮೀಟರ್ ತಗೊಳ್ಳಲಿ?" ಅಂತ ಅವನು ಫೋನಿನಲ್ಲಿ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಚಾ ಗ್ಲಾಸಿನ ಲೆಕ್ಕ

ಸನ್ನಾಕ್ಕೆ ಕಳ್ಳು ಹಾಕಿ ಹಿಟ್ಟು ಉಬ್ಬಿಸುವ ಊರು ನಮ್ಮದು. ಅಲ್ಲಿ ಯಾರೂ ಆಕ್ಸಿಜನ್ ಲೆಕ್ಕ ಇಡುವುದಿಲ್ಲ, ಇಡಬೇಕಾಗಿಯೂ ಇಲ್ಲ. ವರ್ಟ್‌ನ ಕಥೆ ಬೇರೆ. ಮಾಲ್ಟಿನ ಆ ಸಿಹಿ ರಸವನ್ನು ಒಂದು ಗಂಟೆ ಕುದಿಸುತ್ತೇವೆ. ಕುದಿಯುವಾಗ ಅದರಲ್ಲಿ ಕರಗಿದ್ದ ಆಕ್ಸಿಜನ್ ಹೆಚ್ಚುಕಮ್ಮಿ ಎಲ್ಲವೂ ಹೊರಗೆ ಹೋಗುತ್ತದೆ. ತಣಿಸಿದ ಮೇಲೆ ಈಸ್ಟ್ ಹಾಕಿದರೆ ಅದು ಮೊದಲು ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳಬೇಕು. ಹೊಸ ಕೋಶಗಳ ಹೊರಪೊರೆ ಗಟ್ಟಿಯಾಗಿರಲು ಸ್ಟೆರಾಲ್ ಮತ್ತು ಒಂದು ಬಗೆಯ ಕೊಬ್ಬು ಬೇಕು. ಅದನ್ನು ತಯಾರಿಸಲು ಈಸ್ಟ್‌ಗೆ ಆಕ್ಸಿಜನ್ ಬೇಕೇ ಬೇಕು. ಕಮ್ಮಿಯಾದರೆ ಶುರುವಾಗುವುದೇ ತಡ, ಕೆಲವೊಮ್ಮೆ ಅರ್ಧದಲ್ಲೇ ನಿಲ್ಲುತ್ತದೆ. ಶುದ್ಧ ಆಕ್ಸಿಜನ್ ಜಾಸ್ತಿಯಾದರೂ ತೊಂದರೆ ಉಂಟು. ಈಸ್ಟ್ ಅತಿಯಾಗಿ ಬೆಳೆದು ಬಿಯರಿನ ರುಚಿ ಕೆಡುತ್ತದೆ.

ಸಾಧಾರಣ ಏಲ್ ಬಗೆಯ ಬಿಯರಿಗೆ 8ರಿಂದ 10 ಪಿಪಿಎಂ ಸಾಕು. ಲಾಗರ್ ಬಗೆಯದ್ದಕ್ಕೆ, ಸಕ್ಕರೆ ಅಂಶ ಜಾಸ್ತಿ ಇರುವ ಗಟ್ಟಿ ವರ್ಟ್‌ಗೆ ಅದಕ್ಕಿಂತ ಸ್ವಲ್ಪ ಮೇಲೆ. ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಇದ್ದರೆ ಅದು 1 ಪಿಪಿಎಂ. ಈಗ ಲೆಕ್ಕ ಹಾಕಿ. 20 ಲೀಟರ್ ವರ್ಟ್‌ನಲ್ಲಿ 9 ಪಿಪಿಎಂ ಬೇಕಾದರೆ 180 ಮಿಲಿಗ್ರಾಂ ಆಕ್ಸಿಜನ್ ಕರಗಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಆಕ್ಸಿಜನ್ ಗ್ಯಾಸಿನ ತೂಕ ಸುಮಾರು 1.3 ಗ್ರಾಂ. ಅಂದರೆ ನಮಗೆ ಬೇಕಾದ್ದು 140 ಮಿಲಿಲೀಟರಿನಷ್ಟು ಗ್ಯಾಸ್. ಒಂದು ಚಾ ಗ್ಲಾಸ್ ತುಂಬುವಷ್ಟು, ಅಷ್ಟೇ.

ಆದರೆ ಚಾ ಗ್ಲಾಸಿನಷ್ಟೇ ಬಿಟ್ಟರೆ ಸಾಲದು. ಬಿಟ್ಟದ್ದರಲ್ಲಿ ಹೆಚ್ಚಿನ ಗ್ಯಾಸ್ ಮೇಲೆ ಬಂದು ಒಡೆದು ಹೋಗುತ್ತದೆ. ಪೈಪಿನ ತುದಿಗೆ 0.5 ಮೈಕ್ರಾನ್ ಸ್ಟೋನ್ (ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ಬಿಡುವ, ಸೂಕ್ಷ್ಮ ರಂಧ್ರಗಳ ತುಂಡು) ಇಟ್ಟು, 20 ಲೀಟರ್ ವರ್ಟ್‌ಗೆ ನಿಮಿಷಕ್ಕೆ 1 ಲೀಟರ್‌ನಂತೆ ಒಂದು ನಿಮಿಷ ಬಿಟ್ಟಾಗ ಸಿಗುವುದು ಸುಮಾರು 9 ಪಿಪಿಎಂ. ಅರ್ಧ ನಿಮಿಷ ಬಿಟ್ಟರೆ 5ರ ಹತ್ತಿರ, ಎರಡು ನಿಮಿಷ ಬಿಟ್ಟರೆ 14ರ ಹತ್ತಿರ. ಇವು 1.077 ಗ್ರಾವಿಟಿಯ (ನೀರಿನ 1.077 ಪಟ್ಟು ಸಾಂದ್ರತೆಯ) ಗಟ್ಟಿ ವರ್ಟ್‌ನಲ್ಲಿ ಅಳೆದು ಸಿಕ್ಕ ಅಂಕಿಗಳು. ಒಂದು ಲೀಟರ್ ಗ್ಯಾಸ್ ಬಿಟ್ಟರೆ ಏಳರಲ್ಲಿ ಒಂದು ಪಾಲು ಮಾತ್ರ ಒಳಗೆ ಉಳಿಯಿತು ಅಂತಾಯಿತು. ಗ್ಯಾಸ್ ನಿಧಾನವಾಗಿ ಬಿಟ್ಟಷ್ಟೂ ಗುಳ್ಳೆ ಸಣ್ಣ, ಸಣ್ಣ ಗುಳ್ಳೆ ಮೇಲೆ ಬರಲು ಹೊತ್ತು ಜಾಸ್ತಿ, ಕರಗುವುದೂ ಜಾಸ್ತಿ. ಅದಕ್ಕೇ ನಾನು ನಿಮಿಷಕ್ಕೆ 1 ಲೀಟರ್ ಬಿಡುವ ಬದಲು ಅರ್ಧ ಲೀಟರ್‌ನಂತೆ ಎರಡು ನಿಮಿಷ ಬಿಡುತ್ತೇನೆ. ಒಟ್ಟು ಗ್ಯಾಸ್ ಅಷ್ಟೇ, ಆದರೆ ಮೇಲೆ ನೊರೆ ಉಕ್ಕುವುದು ಕಮ್ಮಿ.

ಮೀಟರ್ ಆರಿಸುವ ಇಡೀ ವಿಷಯ ಇಲ್ಲಿಗೆ ಬಂದು ನಿಲ್ಲುತ್ತದೆ. ನಮಗೆ ಬೇಕಾದ್ದು ನಿಮಿಷಕ್ಕೆ ಕಾಲು ಲೀಟರಿನಿಂದ ಒಂದು ಲೀಟರ್‌ವರೆಗೆ ಸರಿಯಾಗಿ ತೋರಿಸುವ ಮೀಟರ್. ಹದಿನೈದು ಲೀಟರ್‌ವರೆಗೆ ತೋರಿಸಿದರೆ ನಮಗೇನೂ ಲಾಭ ಇಲ್ಲ. ಹಾಗೆಯೇ ಮೂರನೆಯ ದಶಮಾಂಶದವರೆಗೆ ನಿಖರ ಇರಬೇಕು ಅಂತಲೂ ಇಲ್ಲ. ಇವತ್ತು ಅರ್ಧ ಅಂತ ತೋರಿಸಿದ್ದು ಮುಂದಿನ ತಿಂಗಳೂ ಅಷ್ಟೇ ಗ್ಯಾಸ್ ಆಗಿರಬೇಕು. ಅದು ಮುಖ್ಯ.

ಆಸ್ಪತ್ರೆಯ ದೊಡ್ಡ ಫ್ಲೋ ಮೀಟರ್

ಮಂಗಳೂರಿನಲ್ಲಿ ಫ್ಲೋ ಮೀಟರ್ ಅಂದರೆ ಎಲ್ಲರ ಕಣ್ಣಿಗೂ ಬರುವುದು ಇದೇ. ಆಸ್ಪತ್ರೆಯ ಮಂಚದ ಪಕ್ಕ, ಗೋಡೆಯಲ್ಲಿ, ಕೆಳಗೆ ನೀರಿನ ಬಾಟಲಿ, ಮೇಲೆ ಗಾಜಿನಂಥ ಟ್ಯೂಬ್, ಒಳಗೆ ಒಂದು ಪುಟ್ಟ ಚೆಂಡು. ಹಂಪನಕಟ್ಟೆ ಕಡೆಯ ಸರ್ಜಿಕಲ್ ಅಂಗಡಿಗಳಲ್ಲಿ ಕೇಳಿದರೆ ಕೂಡಲೇ ತೆಗೆದು ಕೊಡುತ್ತಾರೆ. ಗಟ್ಟಿಮುಟ್ಟು, ಬೆಲೆಯೂ ಹಗುರ.

ತೊಂದರೆ ಸ್ಕೇಲಿನದ್ದು. 0ರಿಂದ 15 ಲೀಟರ್‌ವರೆಗಿನ ಈ ಮೀಟರಿನಲ್ಲಿ ಮೊದಲ ಗೆರೆಯೇ 1 ಲೀಟರ್. ಅದರ ಕೆಳಗೆ ಚೆಂಡು ತಳದಲ್ಲಿ ನಡುಗುತ್ತಾ ಇರುತ್ತದೆ, ಅದು ಕಾಲೋ ಅರ್ಧವೋ ಮುಕ್ಕಾಲೋ ಅಂತ ಹೇಳುವ ಹಾಗಿಲ್ಲ. ಅಡಿಕೆ ತೂಗುವ ತಕ್ಕಡಿಯಲ್ಲಿ ಕೇಸರಿ ತೂಗಿದ ಹಾಗೆ. ನಿಮ್ಮ ಹತ್ತಿರ ಇದೊಂದೇ ಇದ್ದರೆ 1 ಲೀಟರಿನ ಗೆರೆಗೆ ಚೆಂಡಿನ ನಡುಭಾಗ ಬರುವ ಹಾಗೆ ಇಟ್ಟು, ಸಮಯದಲ್ಲಿ ಸರಿದೂಗಿಸಿ. ಹೊಸದಾಗಿ ಕೊಳ್ಳುವವರು ಇದನ್ನು ಬಿಟ್ಟುಬಿಡಿ.

ಅದೇ ಅಂಗಡಿಯ ಸಣ್ಣ ಮೀಟರ್

ನನ್ನ ಆಯ್ಕೆ ಇದು. ಎಳೆ ಮಕ್ಕಳ ವಾರ್ಡಿನಲ್ಲಿ ಬಳಸುವ ಲೋ ಫ್ಲೋ ಮೀಟರ್, 0ರಿಂದ 1 ಲೀಟರ್ ಅಥವಾ 0ರಿಂದ 3 ಲೀಟರ್‌ವರೆಗಿನದ್ದು. ನೋಡಲು ದೊಡ್ಡದರ ಹಾಗೆಯೇ, ಆದರೆ ಪೂರ್ತಿ ಟ್ಯೂಬ್ ನಮಗೆ ಬೇಕಾದ ಅಳತೆಯೊಳಗೇ ಹಂಚಿಕೊಂಡಿರುತ್ತದೆ. ಅರ್ಧ ಲೀಟರಿನ ಗೆರೆ ಟ್ಯೂಬಿನ ಮಧ್ಯದಲ್ಲಿ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಅಂಗಡಿಯವರು ಕೆಲವೊಮ್ಮೆ ತರಿಸಿ ಕೊಡಬೇಕಾಗುತ್ತದೆ. ಕಾಯಿರಿ, ದೊಡ್ಡದನ್ನು ತಂದು ಒದ್ದಾಡುವುದಕ್ಕಿಂತ ಅದು ಒಳ್ಳೆಯದು.

ಈ ಬಗೆಯ ಮೀಟರಿನ ಬಗ್ಗೆ ತಿಳಿದಿರಬೇಕಾದ್ದು ಎರಡು. ಒಂದು, ಇದರ ಸೂಜಿ ವಾಲ್ವ್ ಟ್ಯೂಬಿನ ನಂತರ ಇರುತ್ತದೆ. ಹಾಗಾಗಿ ಟ್ಯೂಬಿನೊಳಗೆ ಯಾವಾಗಲೂ ರೆಗ್ಯುಲೇಟರಿನ ಪ್ರೆಶರ್ ಇರುತ್ತದೆ. ಮುಂದೆ ಸ್ಟೋನ್ ಗ್ಯಾಸನ್ನು ತಡೆದರೂ ಚೆಂಡು ನಿಜವಾಗಿ ಹೋಗುತ್ತಿರುವಷ್ಟನ್ನೇ ತೋರಿಸುತ್ತದೆ. ಕೊಳ್ಳುವಾಗ ಪರೀಕ್ಷೆ ಸುಲಭ. ನಾಬ್ ಪೂರ್ತಿ ಮುಚ್ಚಿ ಗ್ಯಾಸ್ ಲೈನಿಗೆ ಜೋಡಿಸಿ. ಜೋಡಿಸಿದ ಕ್ಷಣ ಚೆಂಡು ಒಮ್ಮೆ ಹಾರಿ ಕೆಳಗೆ ಬಿದ್ದರೆ ಅದು ಸರಿಯಾದ ಬಗೆ. ಎರಡು, ಮೀಟರಿನ ಮೈಮೇಲೆ ಎಷ್ಟು ಪ್ರೆಶರಿಗೆ ಗುರುತು ಹಾಕಿದ್ದಾರೆ ಅಂತ ಬರೆದಿರುತ್ತದೆ, 50 ಪಿಎಸ್‌ಐ ಅಥವಾ 4 ಬಾರ್‌ನ ಆಸುಪಾಸು. ರೆಗ್ಯುಲೇಟರ್ ಅದಕ್ಕಿಂತ ಕಮ್ಮಿ ಕೊಟ್ಟರೆ ಮೀಟರ್ ಜಾಸ್ತಿ ತೋರಿಸುತ್ತದೆ. 4 ಬಾರ್‌ಗೆ ಮಾಡಿದ ಮೀಟರಿಗೆ 1 ಬಾರ್ ಮಾತ್ರ ಕೊಟ್ಟರೆ, ಅದು 1 ಲೀಟರ್ ಅಂದಾಗ ನಿಜವಾಗಿ ಹೋಗುತ್ತಿರುವುದು ಮುಕ್ಕಾಲು ಲೀಟರಿಗಿಂತಲೂ ಕಮ್ಮಿ.

ಮೀಟರ್ ನೆಟ್ಟಗೆ ನಿಂತಿರಬೇಕು. ಸಿಲಿಂಡರಿನ ಮೇಲೆ ಓರೆಯಾಗಿ ಕೂತರೆ ಚೆಂಡು ಗೋಡೆಗೆ ತಾಗಿ ತಪ್ಪು ಹೇಳುತ್ತದೆ. ಮತ್ತೆ ಆ ನೀರಿನ ಬಾಟಲಿ ನಮಗೆ ಬೇಡ. ರೋಗಿಯ ಮೂಗು ಒಣಗದಿರಲಿ ಅಂತ ಇಡುವುದು ಅದು. ಅದರ ಜಾಗದಲ್ಲಿ ಪೈಪ್ ಸಿಕ್ಕಿಸುವ ನಿಪ್ಪಲ್ ಹಾಕಿ.

ಮುಳ್ಳಿನ ಗಡಿಯಾರ ಹೇಳಿದ ಸುಳ್ಳು

ಒಂದು ಬಗೆಯ ರೆಗ್ಯುಲೇಟರಿನಲ್ಲಿ ಟ್ಯೂಬೂ ಇಲ್ಲ, ಚೆಂಡೂ ಇಲ್ಲ. ಗಡಿಯಾರದಂಥ ಎರಡು ಡಯಲ್ ಇರುತ್ತದೆ. ಒಂದು ಸಿಲಿಂಡರಿನ ಪ್ರೆಶರ್, ಇನ್ನೊಂದು ನಿಮಿಷಕ್ಕೆ ಎಷ್ಟು ಲೀಟರ್ ಅನ್ನುವುದು. ಮಲಗಿಸಿದರೂ ಓದಬಹುದು, ಅದೊಂದು ಅನುಕೂಲ. ನನಗೆ ಪರಿಚಯದವರೊಬ್ಬರು ಬಳಸಿದ್ದನ್ನು ಕೊಟ್ಟಿದ್ದರು. ಒಳ್ಳೆಯ ಸ್ಥಿತಿಯಲ್ಲೇ ಇತ್ತು.

ಅದನ್ನು ಹಾಕಿ 1.080 ಗ್ರಾವಿಟಿಯ ಒಂದು ಗಟ್ಟಿ ಏಲ್ ಮಾಡಿದೆ. ಮುಳ್ಳು 1 ಲೀಟರಿನ ಮೇಲೆ, ಎರಡು ನಿಮಿಷ, ಎಲ್ಲವೂ ಪುಸ್ತಕದಲ್ಲಿ ಬರೆದುಕೊಂಡೆ. ಗ್ರಾವಿಟಿ 1.030ಕ್ಕೆ ಇಳಿದು, ಹುದುಗುವುದು ಅರ್ಧದಲ್ಲೇ ನಿಂತುಬಿಟ್ಟಿತು. ಬೆಚ್ಚಗೆ ಇಟ್ಟೆ, ಅಲುಗಾಡಿಸಿದೆ, ಹೊಸ ಈಸ್ಟ್ ಹಾಕಿದೆ. ಏನೂ ಆಗಲಿಲ್ಲ. 20 ಲೀಟರ್ ಚೆಲ್ಲಿದೆವು.

ಮುಂದಿನ ಬ್ಯಾಚಿಗೆ ಮೊದಲು ಸ್ಟೋನನ್ನು ಸುಮ್ನೆ ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ ಗ್ಯಾಸ್ ಬಿಟ್ಟೆ. ಡಯಲ್ 1 ಅನ್ನುತ್ತಿದೆ. ಬಕೆಟ್ಟಿನಲ್ಲಿ ಒಂದು ಮೂಲೆಯಿಂದ ಅಲ್ಲೊಂದು ಇಲ್ಲೊಂದು ಗುಳ್ಳೆ. ಸ್ಟೋನಿನ ರಂಧ್ರಗಳಲ್ಲಿ ಹಳೆಯ ವರ್ಟ್ ಒಣಗಿ ಕಟ್ಟಿಕೊಂಡಿತ್ತು. ಆಮೇಲೆ ಪೈಪನ್ನು ಮಡಚಿ ಬೆರಳಿನಿಂದ ಬಿಗಿಯಾಗಿ ಹಿಡಿದೆ. ಒಂದು ಗುಳ್ಳೆಯೂ ಇಲ್ಲ. ಮುಳ್ಳು ಮಾತ್ರ ಒಂದರ ಮೇಲೇ ನಿಂತಿತ್ತು.

ಕಾರಣ ಇಷ್ಟೇ. ಈ ಡಯಲ್ ಹರಿವನ್ನು ಅಳೆಯುವುದೇ ಇಲ್ಲ. ಒಂದು ಸಣ್ಣ ತೂತಿನ ಹಿಂದೆ ಎಷ್ಟು ಪ್ರೆಶರ್ ಇದೆ ಅಂತ ನೋಡಿ, ಮುಂದೆ ದಾರಿ ತೆರೆದೇ ಇದೆ ಅಂತ ನಂಬಿಕೊಂಡು ಲೀಟರಿನ ಲೆಕ್ಕ ಹೇಳುತ್ತದೆ. ಮುಂದೆ ತಡೆ ಬಂದರೆ ಅದಕ್ಕೆ ಗೊತ್ತಾಗುವುದಿಲ್ಲ. ಮೂಗಿಗೆ ಹಾಕುವ ನಳಿಕೆಗೆ ತಡೆ ಇಲ್ಲ, ಅಲ್ಲಿಗೆ ಇದು ಸರಿ. ನಮ್ಮ ಪೈಪಿನ ತುದಿಯಲ್ಲಿ ಯಾವಾಗಲೂ ಸ್ಟೋನ್ ಇರುತ್ತದೆ. ವರ್ಟ್ ಕೆಲಸಕ್ಕೆ ಈ ಡಯಲ್ ಬೇಡವೇ ಬೇಡ.

ದಕ್ಕೆ ಕಡೆ ಬೋಟ್ ರಿಪೇರಿಯವರು ಗ್ಯಾಸ್ ಕಟಿಂಗ್‌ಗೆ ಬಳಸುವ ರೆಗ್ಯುಲೇಟರಿನಲ್ಲೂ ಎರಡು ಡಯಲ್ ಉಂಟು. ಅದರಲ್ಲಿ ಎರಡೂ ಪ್ರೆಶರ್ ಮಾತ್ರ. ಅದನ್ನು ಹರಿವು ಅಂತ ಓದಬೇಡಿ. ಅದರ ಮುಂದೆ ಮೇಲೆ ಹೇಳಿದ ಸಣ್ಣ ಮೀಟರ್ ಜೋಡಿಸಿದರೆ ಮಾತ್ರ ಅಳತೆ ಸಿಗುತ್ತದೆ.

ಟಕ್ ಟಕ್ ಅನ್ನುವ ರೆಗ್ಯುಲೇಟರ್

ಹೊರದೇಶದಲ್ಲಿ ಹೋಮ್‌ಬ್ರೂ ಮಾಡುವವರು ತುಂಬಾ ಜನ ಇದನ್ನು ಮೆಚ್ಚುತ್ತಾರೆ. ನಾಬ್ ತಿರುಗಿಸಿದರೆ ಟಕ್ ಅಂತ ಒಂದೊಂದು ಮನೆಯಲ್ಲಿ ಕೂರುತ್ತದೆ: ಎಂಟನೇ ಒಂದು, ಕಾಲು, ಅರ್ಧ, ಒಂದು ಲೀಟರ್, ಹೀಗೆ. ಒಳಗೆ ಪ್ರತಿ ಮನೆಗೂ ಬೇರೆ ಬೇರೆ ಗಾತ್ರದ ಒಂದು ತೂತು. ಹಿಂದಿನ ಪ್ರೆಶರ್ ಮುಂದಿನದ್ದಕ್ಕಿಂತ ಸುಮಾರು ಎರಡು ಪಟ್ಟು ಇರುವವರೆಗೆ ತೂತಿನಲ್ಲಿ ಗ್ಯಾಸ್ ಶಬ್ದದ ವೇಗದಲ್ಲಿ ಹೋಗುತ್ತದೆ. ಆಗ ಮುಂದಿನ ಸಣ್ಣಪುಟ್ಟ ತಡೆ ಹರಿವನ್ನು ಬದಲಿಸುವುದಿಲ್ಲ. 50 ಪಿಎಸ್‌ಐ ರೆಗ್ಯುಲೇಟರಿಗೆ ಚೊಕ್ಕಟವಾದ ಸ್ಟೋನಿನ ತಡೆ ಲೆಕ್ಕಕ್ಕೇ ಇಲ್ಲ.

ಇದರ ದೊಡ್ಡ ಗುಣ ಅಂದರೆ ಕಣ್ಣಳತೆ ಬೇಕಿಲ್ಲ. ಚೆಂಡಿನ ನಡುಭಾಗ ನೋಡುವುದು, ಬಗ್ಗುವುದು, ಓರೆಯಾಯಿತಾ ಅಂತ ನೋಡುವುದು ಯಾವುದೂ ಇಲ್ಲ. ಒಂದೇ ಕೈಯಲ್ಲಿ ಕೆಲಸ ಆಗುತ್ತದೆ. ಕೊರತೆ ಅಂದರೆ ನಿಜವಾಗಿ ಗ್ಯಾಸ್ ಹೋಗುತ್ತಿದೆಯಾ ಅಂತ ಇದು ತೋರಿಸುವುದಿಲ್ಲ. ಸ್ಟೋನ್ ಪೂರ್ತಿ ಕಟ್ಟಿದ್ದರೆ ಇದೂ ಆ ಮುಳ್ಳಿನ ಡಯಲ್‌ನ ಹಾಗೆಯೇ. ಎರಡು ಮನೆಗಳ ನಡುವೆ ನಿಂತರೆ ಕೆಲವದರಲ್ಲಿ ಗ್ಯಾಸ್ ಬರುವುದೇ ಇಲ್ಲ. ಕೊಳ್ಳುವಾಗ ಒಂದು ಲೀಟರಿನ ಕೆಳಗೆ ಎಷ್ಟು ಮನೆಗಳಿವೆ ಅಂತ ಕೇಳಿ. ದೊಡ್ಡವರಿಗೆ ಮಾಡಿದ್ದರಲ್ಲಿ ಅರ್ಧ, ಒಂದು, ಆಮೇಲೆ ನೇರ ಎರಡು ಅಂತ ಹೋಗುವುದೂ ಉಂಟು. ಮಕ್ಕಳಿಗೆ ಮಾಡಿದ್ದರಲ್ಲಿ ಸಣ್ಣ ಮನೆಗಳು ಜಾಸ್ತಿ.

ಅಕ್ರಿಲಿಕ್ ತುಂಡಿನ ರೋಟಾಮೀಟರ್

ಆನ್‌ಲೈನ್‌ನಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಇದು. ಪಾರದರ್ಶಕ ಅಕ್ರಿಲಿಕ್ ತುಂಡಿನೊಳಗೆ ಕೊರೆದ ಟ್ಯೂಬ್, ಕೆಳಗೆ ನಾಬ್. 0.1ರಿಂದ 1.5 ಲೀಟರ್ ಅಳತೆಯದ್ದು ನಮಗೆ ಹೇಳಿ ಮಾಡಿಸಿದ ಹಾಗೆ. ಬೆಲೆಯೂ ಜೇಬಿಗೆ ಭಾರವಲ್ಲ.

ಇದನ್ನು ಸಾಮಾನ್ಯವಾಗಿ ಗಾಳಿಗೆ ಗುರುತು ಮಾಡಿರುತ್ತಾರೆ. ಆಕ್ಸಿಜನ್ ಗಾಳಿಗಿಂತ ಸ್ವಲ್ಪ ಭಾರ, ಹಾಗಾಗಿ ತೋರಿಸಿದ್ದಕ್ಕಿಂತ 5% ಕಮ್ಮಿ ಹೋಗುತ್ತದೆ. ಇನ್ನೊಂದು ಕಡೆ, ಇದರ ವಾಲ್ವ್ ಟ್ಯೂಬಿಗಿಂತ ಮೊದಲೇ ಇರುತ್ತದೆ. ಸ್ಟೋನ್ ತಡೆದಾಗ ಟ್ಯೂಬಿನೊಳಗೆ ಪ್ರೆಶರ್ ಏರಿ, ತೋರಿಸಿದ್ದಕ್ಕಿಂತ ಜಾಸ್ತಿ ಹೋಗುತ್ತದೆ. ಸ್ಟೋನಿನ ತಡೆ 0.3 ಬಾರ್ ಇದ್ದರೆ ಅದು 14% ಆಗುತ್ತದೆ. ಎರಡೂ ಸೇರಿ ಕೊನೆಗೆ 8% ಜಾಸ್ತಿ. ಬಿಯರಿಗೆ ಇಷ್ಟು ವ್ಯತ್ಯಾಸ ದೊಡ್ಡದಲ್ಲ. ಸಣ್ಣ ವೈದ್ಯಕೀಯ ಮೀಟರ್ ಸಿಗದಿದ್ದರೆ ಧೈರ್ಯವಾಗಿ ಇದನ್ನು ತಗೊಳ್ಳಿ. ಆದರೆ ರೆಗ್ಯುಲೇಟರಿನ ಪ್ರೆಶರ್ ಕಮ್ಮಿ ಇಟ್ಟುಕೊಳ್ಳಿ, ಅಕ್ರಿಲಿಕ್ ಜಾಸ್ತಿ ಪ್ರೆಶರ್ ತಾಳುವುದಿಲ್ಲ. ಆಕ್ಸಿಜನ್‌ಗೆ ಬಳಸಬಹುದು ಅಂತ ತಯಾರಕರು ಹೇಳಿದ್ದನ್ನೇ ಆರಿಸಿ. ಹೊಸದರಲ್ಲೂ ಒಳಗೆ ಎಣ್ಣೆಯ ಪಸೆ ಇರಬಹುದು.

ತಕ್ಕಡಿ, ಮೀಟರೇ ಇಲ್ಲದವರಿಗೆ

ಹೊರದೇಶದಲ್ಲಿ ಬಿಸಾಡುವ ಪುಟ್ಟ ಕೆಂಪು ಆಕ್ಸಿಜನ್ ಡಬ್ಬಿ ಸಿಗುತ್ತದೆ. ಅದರಲ್ಲಿ ಸುಮಾರು 40 ಗ್ರಾಂ ಗ್ಯಾಸ್, ಲೀಟರಿನ ಲೆಕ್ಕದಲ್ಲಿ 30. ಅದರ ವಾಲ್ವ್ ಕೂದಲೆಳೆಯಷ್ಟು ತಿರುಗಿದರೂ ಹರಿವು ಬದಲಾಗುತ್ತದೆ. ಅದಕ್ಕೆ ನಾನು ಮೀಟರ್ ಹೇಳುವುದಿಲ್ಲ, 0.1 ಗ್ರಾಂ ತೋರಿಸುವ ತಕ್ಕಡಿ ಹೇಳುತ್ತೇನೆ. ಡಬ್ಬಿ ತೂಗಿ, ಗ್ಯಾಸ್ ಬಿಡಿ, ಮತ್ತೆ ತೂಗಿ. 1.3 ಗ್ರಾಂ ಕಮ್ಮಿಯಾದರೆ ಒಂದು ಲೀಟರ್ ಹೋಗಿದೆ. ಗಾಳಿಯೋ ಆಕ್ಸಿಜನ್ನೋ, ತಡೆ ಇದೆಯೋ ಇಲ್ಲವೋ, ತೂಕಕ್ಕೆ ಯಾವುದೂ ಸಂಬಂಧವಿಲ್ಲ. ಇಷ್ಟು ನಂಬಿಕೆಯ ಅಳತೆ ಬೇರೊಂದಿಲ್ಲ. ವಾಲ್ವ್ ಬಿಟ್ಟಿರುವಾಗ ನೋಡಿಕೊಂಡು ಸರಿಮಾಡಲು ಆಗುವುದಿಲ್ಲ, ಅದೊಂದೇ ಕಷ್ಟ.

ನಮ್ಮಲ್ಲಿನ ದೊಡ್ಡ ಸಿಲಿಂಡರಿಗೆ ಈ ಉಪಾಯ ನಡೆಯುವುದಿಲ್ಲ. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಗ್ಯಾಸ್ ಇರುತ್ತದೆ. ಒಂದು ಬ್ಯಾಚಿಗೆ ಒಂದು ಲೀಟರ್ ಹೋದರೆ ತೂಕದಲ್ಲೂ ಕಾಣುವುದಿಲ್ಲ, ಪ್ರೆಶರ್ ಮುಳ್ಳೂ ಅಲುಗುವುದಿಲ್ಲ.

ಮನೆಯ ಮೂಲೆಯಲ್ಲಿರುವ ಕಾನ್ಸಂಟ್ರೇಟರ್

2021ರ ಮೇ ತಿಂಗಳು ನಮ್ಮ ಊರಿನವರು ಮರೆಯುವುದಿಲ್ಲ. ಆಕ್ಸಿಜನ್‌ಗಾಗಿ ಜನ ಒದ್ದಾಡುತ್ತಿದ್ದಾಗ ನೌಕಾಪಡೆಯ ಹಡಗು ಐಎನ್‌ಎಸ್ ತಲ್ವಾರ್ ಬಹರೈನ್‌ನಿಂದ ನವಮಂಗಳೂರು ಬಂದರಿಗೆ ಆಕ್ಸಿಜನ್ ಹೊತ್ತು ತಂದಿತ್ತು. ಆಗ ಕೊಂಡ, ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಹಲವರ ಮನೆಯಲ್ಲಿ ಈಗಲೂ ಬಟ್ಟೆ ಹೊದ್ದು ಕೂತಿದೆ. ಅದರಿಂದ ವರ್ಟ್‌ಗೆ ಆಕ್ಸಿಜನ್ ಕೊಡಬಹುದಾ ಅಂತ ಕೇಳುತ್ತಾರೆ. ಕೊಡಬಹುದು. 5 ಲೀಟರಿನ ಯಂತ್ರದಲ್ಲಿ ಸುಮಾರು 93% ಆಕ್ಸಿಜನ್ ಬರುತ್ತದೆ, ಬಿಯರಿಗೆ ಧಾರಾಳ ಸಾಕು. ಮೀಟರ್ ಅದರಲ್ಲೇ ಇರುತ್ತದೆ, ಅರ್ಧ ಲೀಟರಿನ ಗೆರೆಯೂ ಸಾಮಾನ್ಯವಾಗಿ ಇರುತ್ತದೆ. ಆದರೆ ಹೊರಬರುವ ಪ್ರೆಶರ್ ತುಂಬಾ ಕಮ್ಮಿ. 0.5 ಮೈಕ್ರಾನ್ ಸ್ಟೋನನ್ನು ದಾಟಲು ಏದುಸಿರು ಬಿಡುತ್ತದೆ. 2 ಮೈಕ್ರಾನ್ ಸ್ಟೋನ್ ಹಾಕಿ, ಸಮಯ ಸ್ವಲ್ಪ ಜಾಸ್ತಿ ಕೊಡಿ. ಮನೆಯಲ್ಲಿ ಯಾರಿಗಾದರೂ ಅದು ನಿಜವಾಗಿ ಬೇಕಾಗುವ ಸಂಭವ ಇದ್ದರೆ ಮಾತ್ರ ದಯವಿಟ್ಟು ಅದನ್ನು ಮುಟ್ಟಬೇಡಿ.

ದುಬಾರಿಯವು

ಥರ್ಮಲ್ ಮಾಸ್ ಫ್ಲೋ ಮೀಟರ್ ಪ್ರೆಶರ್, ತಾಪಮಾನ ಯಾವುದಕ್ಕೂ ತಲೆಕೆಡಿಸಿಕೊಳ್ಳದೆ ಗ್ಯಾಸಿನ ರಾಶಿಯನ್ನೇ ಅಳೆಯುತ್ತದೆ. ದೊಡ್ಡ ಬ್ರೂವರಿಯಲ್ಲಿ, ಪೈಪಿನಲ್ಲಿ ಹರಿಯುವ ವರ್ಟ್‌ಗೆ ಆಕ್ಸಿಜನ್ ಸೇರಿಸುವಲ್ಲಿ ಅದು ಬೇಕು. 20 ಲೀಟರಿಗೆ ಬೇಡ.

ಕರಗಿದ ಆಕ್ಸಿಜನ್ ಅಳೆಯುವ ಡಿಒ ಮೀಟರ್ ಬೇರೆ ಜಾತಿಯದ್ದು. ಅದು ಹೋದದ್ದನ್ನಲ್ಲ, ಒಳಗೆ ಉಳಿದದ್ದನ್ನು ಅಳೆಯುತ್ತದೆ. ಒಮ್ಮೆ ಎರವಲು ಸಿಕ್ಕಿದರೂ ಸಾಕು, ನಿಮ್ಮ ಪಾತ್ರೆ, ನಿಮ್ಮ ಸ್ಟೋನ್, ನಿಮ್ಮ ಹರಿವಿಗೆ ಎಷ್ಟು ನಿಮಿಷ ಬೇಕು ಅಂತ ಒಂದೇ ದಿನದಲ್ಲಿ ಬರೆದಿಟ್ಟುಕೊಳ್ಳಬಹುದು. ಈಸ್ಟ್ ಹಾಕುವ ಮೊದಲು ಅಳೆಯಿರಿ, ಹಾಕಿದ ಮೇಲೆ ಅದು ಕೆಲವೇ ಗಂಟೆಗಳಲ್ಲಿ ಆಕ್ಸಿಜನ್ ತಿಂದು ಮುಗಿಸುತ್ತದೆ. ಪ್ರೋಬ್‌ಗೆ ಗುಳ್ಳೆ ಅಂಟಿದರೆ ಜಾಸ್ತಿ ತೋರಿಸುತ್ತದೆ. ವರ್ಟ್‌ನ ಸಕ್ಕರೆಯಿಂದಲೂ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಯಾಕೆಂದರೆ ಅದು ನೀರು ಅಂತ ತಿಳಿದು ಲೆಕ್ಕ ಹಾಕುತ್ತದೆ.

ಡ್ರೈ ಈಸ್ಟ್ ಬಳಸುವವರಿಗೆ ಒಂದು ಮಾತು. ಕಾರ್ಖಾನೆಯಲ್ಲಿ ಚೆನ್ನಾಗಿ ಗಾಳಿ ಕೊಟ್ಟು ಬೆಳೆಸಿದ ಈಸ್ಟ್ ಅದು, ಸ್ಟೆರಾಲ್ ತುಂಬಿಕೊಂಡೇ ಬರುತ್ತದೆ. ಮೊದಲ ಸಲ ಹಾಕುವಾಗ ಸಾಧಾರಣ ಏಲ್‌ಗೆ ಆಕ್ಸಿಜನ್ ಇಲ್ಲದೆಯೂ ನಡೆಯುತ್ತದೆ. ಲಿಕ್ವಿಡ್ ಈಸ್ಟ್ ಅಥವಾ ಹಿಂದಿನ ಬ್ಯಾಚಿನಿಂದ ತೆಗೆದಿಟ್ಟ ಈಸ್ಟ್ ಆದರೆ ಮಾತ್ರ ಈ ಖರ್ಚು ಮಾಡಿ.

ಯಾವ ಮೀಟರ್ ತಂದರೂ ಬಾಟಲಿ ಪರೀಕ್ಷೆ ಮಾಡಿ

ಒಂದು ಬಕೆಟ್ ತುಂಬಾ ನೀರು ಇಟ್ಟುಕೊಳ್ಳಿ. ಒಂದು ಲೀಟರಿನ ನೀರಿನ ಬಾಟಲಿಯಲ್ಲಿ ಸರಿಯಾಗಿ 1 ಲೀಟರ್ ಅಳೆದು ಹಾಕಿ, ನೀರು ನಿಂತಲ್ಲಿ ಮಾರ್ಕರಿನಿಂದ ಗೆರೆ ಎಳೆಯಿರಿ. ಆಮೇಲೆ ಬಾಟಲಿಯನ್ನು ಕಂಠದವರೆಗೆ ತುಂಬಿಸಿ, ಅಂಗೈಯಿಂದ ಮುಚ್ಚಿ ಬಕೆಟ್ಟಿನೊಳಗೆ ತಲೆಕೆಳಗಾಗಿ ಹಿಡಿಯಿರಿ. ತಲೆಕೆಳಗಾದಾಗ ಆ ಗೆರೆಯಿಂದ ಮೇಲಿನ ಜಾಗ ಸರಿಯಾಗಿ ಒಂದು ಲೀಟರ್. ಪೈಪಿನ ತುದಿಯನ್ನು ಬಾಟಲಿಯ ಬಾಯೊಳಗೆ ಇಟ್ಟು, ನೀರು ಆ ಗೆರೆಗೆ ಇಳಿಯುವವರೆಗೆ ಸಮಯ ನೋಡಿ. ನಾನು ಸ್ವಲ್ಪ ಬೇರೆ ರೀತಿ ಮಾಡುತ್ತೇನೆ. ಬಾಟಲಿ ಪೂರ್ತಿ ತುಂಬಲು ಎಷ್ಟು ನೀರು ಬೇಕು ಅಂತ ಮೊದಲೇ ತೂಗಿಟ್ಟುಕೊಂಡು, ಗ್ಯಾಸ್ ಪೂರ್ತಿ ನೀರನ್ನು ಹೊರಗೆ ತಳ್ಳುವವರೆಗೆ ಸಮಯ ನೋಡುತ್ತೇನೆ. 1040 ಗ್ರಾಂ ನೀರು ಹಿಡಿದರೆ ಅದು 1.04 ಲೀಟರಿನ ಬಾಟಲಿ. ನಾಬನ್ನು ಅರ್ಧ ಲೀಟರಿಗೆ ಇಟ್ಟಿದ್ದರೆ ಎರಡು ನಿಮಿಷ ಐದು ಸೆಕೆಂಡ್ ಹಿಡಿಯಬೇಕು.

ಪೈಪಿನ ತುದಿಯಲ್ಲಿ ಸ್ಟೋನ್ ಇಡಬೇಡಿ. ಬರೀ ಪೈಪ್ ಇರಲಿ. ಸ್ಟೋನ್ ಇದ್ದರೆ ಸಣ್ಣ ಗುಳ್ಳೆಗಳು ಬಾಟಲಿಯ ನೀರಿನಲ್ಲೇ ಕರಗಿ ಲೆಕ್ಕ ತಪ್ಪುತ್ತದೆ. ಮೂರು ಸಲ ಮಾಡಿ, ಮೂರೂ ಹತ್ತಿರ ಹತ್ತಿರ ಬಂದರೆ ಮೀಟರ್ ನಂಬಬಹುದು. ಆಮೇಲೆ ಸ್ಟೋನ್ ಜೋಡಿಸಿ ಬಕೆಟ್ಟಿನಲ್ಲಿ ನೋಡಿ. ಸುತ್ತಲೂ ಹಾಲಿನ ಹಾಗೆ ಬಿಳಿ ಮೋಡ ಏಳಬೇಕು. ಒಂದೇ ಮೂಲೆಯಿಂದ ಬಂದರೆ ಸ್ಟೋನ್ ಕಟ್ಟಿದೆ. ಬಳಸಿದ ಕೂಡಲೇ ಗ್ಯಾಸ್ ಹೋಗುತ್ತಿರುವಾಗಲೇ ಬಿಸಿನೀರಿಗೆ ಅದ್ದಿ ತೊಳೆಯಿರಿ, ಬಳಸುವ ಮೊದಲು ಕುದಿಸಿ. ರಂಧ್ರ ಇರುವ ಜಾಗವನ್ನು ಬೆರಳಿನಿಂದ ಮುಟ್ಟಬೇಡಿ, ಚರ್ಮದ ಜಿಡ್ಡೂ ಅದನ್ನು ಮುಚ್ಚುತ್ತದೆ.

ನಮ್ಮ ಕರಾವಳಿಗೆ ಬೇಕಾದ ಎಚ್ಚರ

ಜಿಡ್ಡಿನ ಮಾತು ಬಂತಲ್ವಾ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲಿ ಆಕ್ಸಿಜನ್ ರೆಗ್ಯುಲೇಟರ್ ಮುಟ್ಟಬೇಡಿ. ಜಾಸ್ತಿ ಪ್ರೆಶರಿನ ಆಕ್ಸಿಜನ್ ಮತ್ತು ಎಣ್ಣೆ ಸೇರಿದರೆ ಕಿಡಿ ಇಲ್ಲದೆಯೂ ಬೆಂಕಿ ಹತ್ತಬಹುದು. ನಮ್ಮ ಉಪ್ಪುಗಾಳಿಗೆ ಫಿಟಿಂಗ್ ತುಕ್ಕು ಹಿಡಿದು ಬಿಗಿಯಾಗುತ್ತದೆ, ಆಗ ಒಂದು ಹನಿ ಎಣ್ಣೆ ಬಿಡೋಣ ಅನ್ನಿಸುತ್ತದೆ. ಬಿಡಲೇಬಾರದು. ತುಕ್ಕು ಹಿಡಿದದ್ದನ್ನು ಬದಲಿಸಿ, ಹಿತ್ತಾಳೆಯದ್ದನ್ನು ಹಾಕಿ. ವಾಲ್ವ್ ನಿಧಾನವಾಗಿ ತೆರೆಯಿರಿ. ಹತ್ತಿರ ಗ್ಯಾಸ್ ಒಲೆ, ಊದುಬತ್ತಿ, ದೀಪ ಇರಬಾರದು.

ಏಪ್ರಿಲ್‌ನಲ್ಲಿ ಇಲ್ಲಿಯ ನಲ್ಲಿ ನೀರೇ 30 ಡಿಗ್ರಿಯ ಹತ್ತಿರ ಇರುತ್ತದೆ. ಅದರಿಂದ ತಣಿಸಿದ ವರ್ಟ್ 20 ಡಿಗ್ರಿಗೆ ಇಳಿಯುವುದಿಲ್ಲ, ಐಸ್ ಬೇಕೇ ಬೇಕು. ಗಾಳಿಯಿಂದ ನೀರಿಗೆ 20 ಡಿಗ್ರಿಯಲ್ಲಿ 9 ಪಿಪಿಎಂ ಆಕ್ಸಿಜನ್ ಕರಗುತ್ತದೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಶುದ್ಧ ಆಕ್ಸಿಜನ್‌ಗೂ ಅದೇ ನಿಯಮ. ಮೊದಲು ತಣಿಸಿ, ಆಮೇಲೆ ಗ್ಯಾಸ್. ಮೀಟರನ್ನು ಪಾತ್ರೆಗಿಂತ ಎತ್ತರದಲ್ಲಿ ಇಡಿ. ಇಲ್ಲದಿದ್ದರೆ ಗ್ಯಾಸ್ ನಿಲ್ಲಿಸಿದಾಗ ವರ್ಟ್ ಪೈಪಿನಲ್ಲಿ ಹಿಂದಕ್ಕೆ ಹತ್ತಿ ಮೀಟರಿನೊಳಗೆ ಹೋಗುತ್ತದೆ. ಮಧ್ಯದಲ್ಲಿ ಒಂದು 0.2 ಮೈಕ್ರಾನ್ ಫಿಲ್ಟರ್ ಹಾಕಿದರೆ ಸೂಕ್ಷ್ಮಜೀವಿಗಳೂ ಒಳಗೆ ಬರುವುದಿಲ್ಲ.

ಅಳಿಯ ಕೊನೆಗೆ 0ರಿಂದ 1 ಲೀಟರಿನ ಸಣ್ಣ ಮೀಟರನ್ನೇ ತಗೊಂಡ. ಬಾಟಲಿ ಪರೀಕ್ಷೆ ಮಾಡಿ ಫೋನ್ ಮಾಡಿದ. "ಮಾಮಾ, ಅರ್ಧಕ್ಕೆ ಇಟ್ಟಿದ್ದೆ. ಸರಿಯಾಗಿ ಒಂದು ಲೀಟರಿನ ಬಾಟಲಿ. ಎರಡು ನಿಮಿಷ ಇಪ್ಪತ್ತನಾಲ್ಕು ಸೆಕೆಂಡ್ ಬಂತು. ಮೂರು ಸಲವೂ ಅಷ್ಟೇ."

"ರೆಗ್ಯುಲೇಟರ್ ಎಷ್ಟಕ್ಕೆ ಇಟ್ಟಿದ್ದೀಯಾ ಮಾರಾಯ?" ಅಂತ ಕೇಳಿದೆ.

"30 ಪಿಎಸ್‌ಐ."

"ಮೀಟರ್ ಮೈಮೇಲೆ ಏನು ಬರೆದಿದೆ ನೋಡು."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "50" ಅಂದ. ರೆಗ್ಯುಲೇಟರ್ 50ಕ್ಕೆ ಏರಿಸಿ, ನಾನು ಫೋನಿನಲ್ಲಿ ಇರುವಾಗಲೇ ಬಾಟಲಿ ಇನ್ನೊಮ್ಮೆ ಮುಳುಗಿಸಿದ. ಎರಡು ನಿಮಿಷ ಮೂರು ಸೆಕೆಂಡ್.